ಮ್ಯೂನಿಕ್‌ನ ನಾತ್ಸಿ ಇತಿಹಾಸ ದಾಖಲಾತಿ ಕೇಂದ್ರ: ಲಿಫ್ಟ್ ಹತ್ತಿ, ಇಳಿಯುತ್ತಾ ನೋಡಿ

ಕೋನಿಗ್ಸ್‌ಪ್ಲಾಟ್ಸ್ ಮೆಟ್ರೋ ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಸಿಗುವ ಬಿಳಿ ಪೆಟ್ಟಿಗೆಯಂಥ ಕಟ್ಟಡ ಇದು. ಸೋಮವಾರ ರಜೆ, ಪ್ರವೇಶ ಉಚಿತ. 2015ರಲ್ಲಿ ಶುರುವಾದ ಈ ಕೇಂದ್ರ ನಿಂತಿರುವುದು ಬ್ರೌನ್ ಹೌಸ್ ಇದ್ದ ಜಾಗದಲ್ಲೇ. ಆ ಬಂಗಲೆಯನ್ನು ನಾತ್ಸಿ ಪಕ್ಷ 1930ರಲ್ಲಿ ಕೊಂಡು ಕೇಂದ್ರ ಕಚೇರಿ ಮಾಡಿಕೊಂಡಿತ್ತು.

ಪ್ರದರ್ಶನ ಮೇಲಿನಿಂದ ಕೆಳಗಿಳಿಯುತ್ತದೆ. ನಾಲ್ಕನೇ ಮಹಡಿಯಲ್ಲಿ 1918ರಿಂದ 1933, ಅದರ ಕೆಳಗೆ ಸರ್ವಾಧಿಕಾರ, ಆಮೇಲೆ ಯುದ್ಧ, ಕೊನೆಗೆ 1945ರ ನಂತರದ ಮರೆವು. ಮೂರು ಗಂಟೆ ಕೈಯಲ್ಲಿದ್ದರೆ ಅರ್ಧವನ್ನು ನಾಲ್ಕನೇ ಮಹಡಿಗೇ ಕೊಡಿ. ಹೆಚ್ಚಿನವರು ಅಲ್ಲಿ ಸರಸರ ದಾಟಿಬಿಡುತ್ತಾರೆ. ಯುದ್ಧದ ಫೋಟೊಗಳು ಎಲ್ಲ ಕಡೆಯೂ ಸಿಗುತ್ತವೆ. ಒಂದು ಪ್ರಜಾಪ್ರಭುತ್ವ ಒಳಗಿನಿಂದ ಹೇಗೆ ಟೊಳ್ಳಾಯಿತು ಅನ್ನುವುದನ್ನು ಒಂದೇ ಊರಿನ ಲೆಕ್ಕದಲ್ಲಿ ತೋರಿಸುವ ಜಾಗ ಅಪರೂಪ.

ಹಾಗೆ ನಿಂತು ಓದಬೇಕಾದ್ದು ಸರ್ಕಾರವನ್ನು ಬಲವಂತದಿಂದ ಉರುಳಿಸಲು ಹಿಟ್ಲರ್ ಮ್ಯೂನಿಕ್‌ನಲ್ಲಿ ನಡೆಸಿದ 1923ರ ನವೆಂಬರ್ ದಂಗೆ ಮತ್ತು 1924ರ ಮೊಕದ್ದಮೆ. ದಂಗೆ ಒಂದೇ ದಿನದಲ್ಲಿ ಮಗುಚಿತು. ಕಥೆ ಇರುವುದು ಆಮೇಲೆ. ಗಣರಾಜ್ಯ ರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಪ್ರಕರಣ ಲೈಪ್‌ಜಿಗ್‌ನ ವಿಶೇಷ ನ್ಯಾಯಾಲಯಕ್ಕೆ ಹೋಗಬೇಕಿತ್ತು, ಮ್ಯೂನಿಕ್ ರಾಜಧಾನಿಯಾಗಿರುವ ಬವೇರಿಯಾ ರಾಜ್ಯ ಬಿಟ್ಟುಕೊಡಲಿಲ್ಲ. ಮ್ಯೂನಿಕ್ ನ್ಯಾಯಾಧೀಶ ನೈಟ್‌ಹಾರ್ಟ್ ಆರೋಪಿಗೆ ಗಂಟೆಗಟ್ಟಲೆ ಭಾಷಣ ಬಿಗಿಯಲು ಬಿಟ್ಟ. ದೇಶದ್ರೋಹಕ್ಕೆ ಹಿಟ್ಲರ್‌ಗೆ ಸಿಕ್ಕಿದ್ದು ಬರೀ 5 ವರ್ಷ. ಅದೇ ಕಾಯ್ದೆಯಡಿ ವಿದೇಶಿ ಅಪರಾಧಿಯನ್ನು ಗಡೀಪಾರು ಮಾಡಬೇಕು, ಹಿಟ್ಲರ್ ಆಗಿನ್ನೂ ಆಸ್ಟ್ರಿಯಾದ ಪ್ರಜೆ. ನ್ಯಾಯಾಲಯ ಅದನ್ನೂ ಅನ್ವಯಿಸಲಿಲ್ಲ. 1924ರ ಡಿಸೆಂಬರ್ 20ಕ್ಕೆ ಆಸಾಮಿ ಹೊರಗೆ. ಇದರ ಪಕ್ಕಕ್ಕೆ ಎಡಪಂಥೀಯ ನಾಟಕಕಾರ ಅರ್ನ್‌ಸ್ಟ್ ಟೋಲರ್‌ನನ್ನು ಇಟ್ಟು ನೋಡಿ: ಎಡಪಂಥೀಯ ಕ್ರಾಂತಿಯಲ್ಲಿ ಪಾಲ್ಗೊಂಡಿದ್ದಕ್ಕೆ 1919ರಲ್ಲಿ ಅದೇ ಊರಿನಲ್ಲಿ ಅದೇ 5 ವರ್ಷ, ಆದರೆ ಪೂರ್ತಿ ಅನುಭವಿಸಿದ.

ಕೊರತೆಯೂ ಇಲ್ಲೇ. ಗಮನ ಮ್ಯೂನಿಕ್ ಮೇಲಿರುವುದರಿಂದ ಬರ್ಲಿನ್‌ನ ಸರ್ಕಾರಿ ಯಂತ್ರ ಹೇಗೆ ಕೆಟ್ಟಿತು ಎನ್ನುವುದು ಕೈಗೆ ಹತ್ತುವುದಿಲ್ಲ. ಹೋಗುವ ಮುನ್ನ ಆಗಿನ ಜರ್ಮನ್ ಗಣರಾಜ್ಯದ ಸಂವಿಧಾನದ 48ನೇ ವಿಧಿ ಏನೆಂದು ತಿಳಿದಿರಲಿ: ತುರ್ತು ಸಂದರ್ಭದಲ್ಲಿ ಅಧ್ಯಕ್ಷ ಸುಗ್ರೀವಾಜ್ಞೆಯಲ್ಲೇ ಆಡಳಿತ ನಡೆಸಬಹುದು. 1930ರ ಜುಲೈನಲ್ಲಿ ಚಾನ್ಸಲರ್ ಬ್ರೂನಿಂಗ್‌ನ ಆಜ್ಞೆಯನ್ನು ಸಂಸತ್ತು ತಳ್ಳಿಹಾಕಿತು, ಅಧ್ಯಕ್ಷ ಹಿಂಡೆನ್‌ಬುರ್ಗ್ ಸಂಸತ್ತನ್ನೇ ವಿಸರ್ಜಿಸಿದ. 1928ರಲ್ಲಿ 12 ಸ್ಥಾನವಿದ್ದ ನಾತ್ಸಿಗಳು ಆ ಸೆಪ್ಟೆಂಬರ್ ಚುನಾವಣೆಯಲ್ಲಿ 107ಕ್ಕೆ ಜಿಗಿದರು. 1932ರಲ್ಲಿ ಸಂಸತ್ತು ಪಾಸು ಮಾಡಿದ್ದು 5 ಕಾಯ್ದೆ; ಹೊರಬಿದ್ದ ಸುಗ್ರೀವಾಜ್ಞೆಗಳು ಅದರ ಹತ್ತು ಪಟ್ಟಿಗೂ ಮಿಕ್ಕಿ. ಇನ್ನೊಂದು ಅಂಕಿ ಮನಸ್ಸಿನಲ್ಲಿರಲಿ: ಆ ವರ್ಷ ಜುಲೈನಲ್ಲಿ 230 ಸ್ಥಾನ ಗೆದ್ದ ಪಕ್ಷ ನವೆಂಬರ್‌ನಲ್ಲಿ 196ಕ್ಕೆ ಕುಸಿದಿತ್ತು. ಅಧಿಕಾರ ಸಿಕ್ಕಿದ್ದು ಇಳಿಜಾರಿನಲ್ಲಿದ್ದಾಗ, ತೆರೆಮರೆಯ ಮಾತುಕತೆಯಲ್ಲಿ.

ಓದುವುದು ವಿಪರೀತ ಎನ್ನುವ ದೂರಿನಲ್ಲಿ ಹುರುಳಿದೆ. ಫಲಕಗಳು ಜರ್ಮನ್ ಮತ್ತು ಇಂಗ್ಲಿಷ್‌ನಲ್ಲಿವೆ, ಗಾಜಿನ ಕಪಾಟಿನಲ್ಲಿ ಸಮವಸ್ತ್ರ, ಪದಕಗಳ ಮೆರವಣಿಗೆ ಇಲ್ಲ. ಅದು ಸರಿಯಾದ ಆಯ್ಕೆಯೇ, ಆದರೆ ಚಿಕ್ಕ ಮಕ್ಕಳು ಅರ್ಧ ಗಂಟೆಗೇ ರಗಳೆ ತೆಗೆಯುವುದು ಖಾತ್ರಿ. ಕಣ್ಣಿಗೆ ದಣಿವಾದಾಗ ಉದ್ದುದ್ದ ಸೀಳು ಕಿಟಕಿಗಳ ಹತ್ತಿರ ಹೋಗಿ. ಎದುರಿಗೇ ಹಿಟ್ಲರ್‌ನ ಕಚೇರಿಯಿದ್ದ ಫ್ಯೂರರ್‌ಬೌ ಕಾಣುತ್ತದೆ, ಜೆಕೊಸ್ಲೊವಾಕಿಯಾದ ಒಂದು ಭಾಗವನ್ನು ಜರ್ಮನಿಗೆ ಬಿಟ್ಟುಕೊಟ್ಟ 1938ರ ಮ್ಯೂನಿಕ್ ಒಪ್ಪಂದಕ್ಕೆ ಸಹಿ ಬಿದ್ದ ಕಟ್ಟಡ. ಈಗ ಸಂಗೀತ ಕಾಲೇಜು. ದಂಗೆಯಲ್ಲಿ ಸತ್ತ ನಾತ್ಸಿಗಳಿಗೆ ಕಟ್ಟಿದ್ದ 'ಗೌರವ ಮಂದಿರ'ದ ಅಡಿಪಾಯ ಪಕ್ಕದಲ್ಲೇ ಗಿಡಗಂಟಿ ಬೆಳೆದು ಬಿದ್ದಿದೆ.

ಹೊರಬಂದ ಮೇಲೆ ಬ್ರೀನರ್ ರಸ್ತೆ ಹಿಡಿದು ಪೂರ್ವಕ್ಕೆ ನಡೆದರೆ ಓಡಿಯೋನ್ಸ್‌ಪ್ಲಾಟ್ಸ್ ಸುಮಾರು ಒಂದು ಕಿಲೋಮೀಟರು. ದಂಗೆಕೋರರಿಗೆ ಗುಂಡು ಬಿದ್ದದ್ದು ಅಲ್ಲಿಯ ಫೆಲ್ಡ್‌ಹೆರ್ನ್‌ಹಾಲೆ ಎಂಬ ಸೇನಾನಿಗಳ ಸ್ಮಾರಕ ಮಂಟಪದ ಬಳಿ. ಅಂದು ಸತ್ತ ನಾಲ್ವರು ಪೊಲೀಸರ ಹೆಸರಿರುವ ಫಲಕ ಎದುರಿನ ರೆಸಿಡೆನ್ಸ್ ಅರಮನೆಯ ಗೋಡೆಯ ಮೇಲಿದೆ. ಹುಡುಕಿಕೊಂಡು ಹೋಗದಿದ್ದರೆ ಕಣ್ಣಿಗೆ ಬೀಳುವುದಿಲ್ಲ.