ಜಿನೀವಾದಿಂದ ಬಂದ ಕಾಗದ: ರೆಡ್ ಕ್ರಾಸ್ ದಾಖಲೆ ಸೇವೆ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಸೇವೆ ಚೆನ್ನಾಗಿದೆ. ಆದರೆ ಗಡಿಬಿಡಿ ಇದ್ದವರಿಗಲ್ಲ. ಎರಡನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕವರು ಯಾವ ದೇಶದ ಯಾವ ಕ್ಯಾಂಪಿನಲ್ಲಿದ್ದರು ಅಂತ ಹುಡುಕಿ ಪತ್ರ ಕೊಡುವುದು ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ದಾಖಲೆ ವಿಭಾಗ.

ನಮ್ಮಜ್ಜ ಭರ್ತಿಯಾಗಿದ್ದು ಇಲ್ಲೇ ಬೆಳಗಾವಿಯಲ್ಲಿ, ಮರಾಠಾ ಲೈಟ್ ಇನ್‌ಫಂಟ್ರಿಗೆ. ಅವರಿದ್ದ ಎರಡನೇ ಬಟಾಲಿಯನ್ 1942ರ ಜೂನ್‌ನಲ್ಲಿ ಲಿಬಿಯಾದ ಟೊಬ್ರುಕ್‌ನಲ್ಲಿತ್ತು. ಜೂನ್ 21ಕ್ಕೆ ಟೊಬ್ರುಕ್ ಜರ್ಮನಿ, ಇಟಲಿ ಸೈನ್ಯದ ಕೈಗೆ ಬಿತ್ತು, ಇಡೀ ದಂಡು ಸೆರೆ ಸಿಕ್ಕಿತು. ಅಲ್ಲಿಂದ ಇಟಲಿಗೆ ಒಯ್ದರು ಅಂತ ಅಜ್ಜ ಹೇಳುತ್ತಿದ್ದರಂತೆ. ನಮ್ಮ ಕಾಕಾ ಮಾತ್ರ ಈ ಪತ್ರ ಬರುವವರೆಗೂ ನಂಬಿರಲಿಲ್ಲ. 'ಪುಣೆ ದಾಟಿರಲಿಕ್ಕಿಲ್ಲ ಬಿಡು' ಅನ್ನುತ್ತಿದ್ದರು. ಹೋದ ವರ್ಷ ಊರಿನಲ್ಲಿ ಯುದ್ಧಕ್ಕೆ ಹೋದವರ ಹೆಸರಿನ ಕಲ್ಲು ನಿಲ್ಲಿಸುವ ಮಾತು ಬಂತು. ಅಜ್ಜನ ಹೆಸರು ಕೊಟ್ಟರೆ ಪಂಚಾಯಿತಿ ಸದಸ್ಯರೊಬ್ಬರು, 'ಎಲ್ಲಾರೂ ಹಂಗ ಹೇಳ್ತಾರ್ರೀ, ಕಾಗದ ಏನೈತಿ?' ಅಂದರು. ಕೇಳಿದ್ದು ಸರಿಯೇ ಅಲ್ವಾ?

ಯುದ್ಧದಲ್ಲಿ ತೀರಿಕೊಂಡವರದ್ದು ಸುಲಭ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಬದುಕಿ ಬಂದವರದ್ದೇ ತಾಪತ್ರಯ. ಆನ್‌ಲೈನ್‌ನಲ್ಲಿ ಸಿಕ್ಕ ಒಬ್ಬ ಏಜೆಂಟ್ 'ಎಲ್ಲಾ ನಾವೇ ತೆಗೆಸಿ ಕೊಡ್ತೇವೆ' ಅಂತ ಮುಂಗಡ ತಗೊಂಡ. ಕೊನೆಗೆ ಕಳಿಸಿದ್ದು ಟೊಬ್ರುಕ್ ಯುದ್ಧದ ಇತಿಹಾಸ. ಅಜ್ಜನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಅಂಥವರಿಗೆ ದುಡ್ಡು ಕೊಡಬೇಡಿ.

ಜಿನೀವಾಕ್ಕೆ ನೀವೇ ಅರ್ಜಿ ಹಾಕಿ. ಜಾಲತಾಣದಲ್ಲೇ ಫಾರ್ಮ್ ಇದೆ. ಆದರೆ ವರ್ಷವಿಡೀ ತೆರೆದಿರುವುದಿಲ್ಲ. ಕೆಲವು ಸಲ ಮಾತ್ರ ತೆರೆಯುತ್ತಾರೆ, ಇಷ್ಟೇ ಅರ್ಜಿ ಅಂತ ಮಿತಿ ಇರುತ್ತದೆ, ಅದು ತುಂಬಿದ ಕೂಡಲೇ ಬಂದ್. ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. ನನ್ನ ಹತ್ತಿರ ಒಂದು ಪೈಸೆ ಕೇಳಲಿಲ್ಲ.

ಹೆಸರಿಗಿಂತ ಮುಖ್ಯ ಸೈನಿಕ ಸಂಖ್ಯೆ. ಒಂದೇ ಪಲ್ಟನ್‌ನಲ್ಲಿ ಒಂದೇ ಹೆಸರಿನವರು ಎಷ್ಟೋ ಜನ. ಅದರ ಮೇಲೆ, ಕ್ಯಾಂಪಿನ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಹೆಸರು ಬರೆದಿರುತ್ತಾನೆ. ನಮಗೆ ಸಂಖ್ಯೆ ಸಿಕ್ಕಿದ್ದು ಪದಕದಲ್ಲಿ. ಅತ್ತೆಯ ಟ್ರಂಕಿನ ತಳದಲ್ಲಿ, ಹಳೇ ಇಳಕಲ್ ಸೀರೆಯ ಮಡಿಕೆಯಲ್ಲಿ, ಆಫ್ರಿಕಾ ಸ್ಟಾರ್ ಇತ್ತು. ಆರು ಮೂಲೆಯ ನಕ್ಷತ್ರ. ಮರಳು ಬಣ್ಣದ ರಿಬ್ಬನ್, ನಡುವೆ ಕೆಂಪು ಪಟ್ಟಿ, ಆಚೀಚೆ ಸಣ್ಣ ನೀಲಿ ಗೆರೆಗಳು. ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳ ಮೇಲೆ ಹೆಸರು, ಸಂಖ್ಯೆ ಒತ್ತುತ್ತಿದ್ದರು. ಇದರ ಹಿಂಬದಿ ಕಪ್ಪಾಗಿತ್ತು. ಅತ್ತೆ ತಿಕ್ಕಲಿಕ್ಕೆ ಹುಣಸೆಹಣ್ಣು ತಂದರು, ನಾನು ಬಿಡಲಿಲ್ಲ. ತಿಕ್ಕಿದರೆ ಅಕ್ಷರವೇ ಸವೆದು ಹೋಗುತ್ತದೆ. ಮೊಬೈಲ್ ಟಾರ್ಚನ್ನು ಅಡ್ಡಡ್ಡ ಹಿಡಿದಾಗ ಒಂದೊಂದೇ ಅಂಕಿ ಎದ್ದು ಕಂಡಿತು.

ಬಂದ ಪತ್ರ ಚಿಕ್ಕದು. ಹೆಸರು, ಸಂಖ್ಯೆ, ದಂಡು, ಸೆರೆ ಸಿಕ್ಕ ಊರು. ಆಮೇಲೆ ಇಟಲಿಯ ಅವೆಝಾನೊದ 91ನೇ ಕ್ಯಾಂಪ್, ನಂತರ ಜರ್ಮನಿಯ ಅನ್ನಾಬುರ್ಗ್. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾದ ಮೇಲೆ ಅಲ್ಲಿದ್ದ ಸೆರೆಯಾಳುಗಳಲ್ಲಿ ತುಂಬಾ ಜನರನ್ನು ಜರ್ಮನರು ತಮ್ಮ ಕಡೆ ಸಾಗಿಸಿದ್ದರು. ಜರ್ಮನಿಯ ಸುದ್ದಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ! ಕಾಕಾ ಪತ್ರ ಓದಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. 'ಪುಣೆ' ಅನ್ನುವ ಮಾತು ಆಮೇಲೆ ಬಂದಿಲ್ಲ.

ಕೊರತೆಯೂ ಇದೆ. ಸೆರೆ ಹಿಡಿದ ದೇಶ ಕಳಿಸಿದ ಪಟ್ಟಿಯಲ್ಲಿ ಇದ್ದಷ್ಟನ್ನೇ ಬರೆಯುತ್ತಾರೆ. ಅಜ್ಜ ಯಾವಾಗ ಬಿಡುಗಡೆಯಾದರು, ಯಾವ ಹಡಗಿನಲ್ಲಿ ಬಂದರು, ಏನೂ ಇಲ್ಲ. ಇಟಲಿ, ಜರ್ಮನಿ ಎರಡೂ ಯುದ್ಧ ಸೆರೆಯಾಳುಗಳ ಕುರಿತ 1929ರ ಜಿನೀವಾ ಒಪ್ಪಂದಕ್ಕೆ ಸೇರಿದ್ದರಿಂದ ಇಷ್ಟಾದರೂ ಉಳಿದಿದೆ. ಜಪಾನ್ ಆ ಒಪ್ಪಂದಕ್ಕೆ ಸಹಿ ಹಾಕಿ, ಕೊನೆಯ ಒಪ್ಪಿಗೆ ಕೊಡಲೇ ಇಲ್ಲ. ನಿಮ್ಮವರು ಸಿಂಗಪುರದಲ್ಲಿ ಜಪಾನಿಯರಿಗೆ ಸೆರೆ ಸಿಕ್ಕಿದ್ದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಮೊದಲ ಮಹಾಯುದ್ಧದ್ದಾದರೆ ಅರ್ಜಿಯೇ ಬೇಡ. 1914ರಿಂದ 1918ರ ಸೆರೆಯಾಳುಗಳ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಹಾಕಿದ್ದಾರೆ. 1916ರ ಏಪ್ರಿಲ್ 29ರಂದು ಇರಾಕಿನ ಕುತ್‌ನಲ್ಲಿ ಶರಣಾದ ಸೈನ್ಯದಲ್ಲಿ ಮರಾಠಾ ಪಲ್ಟನ್‌ಗಳೂ ಇದ್ದವು, ನಮ್ಮ ಭಾಗದವರು ಅಲ್ಲೊಮ್ಮೆ ನೋಡುವುದು ಒಳ್ಳೆಯದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಕಳೆದದ್ದು ಫಾರ್ಮ್ ತೆರೆಯುವ ದಿನ ಕಾಯಿಸಿದ್ದಕ್ಕೆ. ಪತ್ರ ಇಂಗ್ಲಿಷಿನಲ್ಲಿ ಬರುತ್ತದೆ, ಪಂಚಾಯಿತಿಯವರು ಕನ್ನಡ ಅನುವಾದ ಕೇಳಿದರು. ಕೋರ್ಟಿನ ಹತ್ತಿರ ಮಾಡಿಸಿ, ನೋಟರಿ ಸಹಿ ಹಾಕಿಸಿ ಜೆರಾಕ್ಸ್ ಕೊಟ್ಟೆ. ಮೂಲಪ್ರತಿ ಮಾತ್ರ ಯಾರ ಕೈಗೂ ಕೊಡಬೇಡಿ.