ಪಿಎಲ್‌ಜಿಎನಾ ಕೈಟೋಸಾನಾ? ಕರ್ಕ್ಯುಮಿನ್ ತುಂಬಿಸೋಕೆ ನನ್ನ ವೋಟು

ಎಂಫಾರ್ಮ್ ಪ್ರಾಜೆಕ್ಟ್‌ಗೆ ಕರ್ಕ್ಯುಮಿನ್ (ಅರಿಶಿನದ ಹಳದಿ ಅಂಶ) ಇಟ್ಕೊಂಡು ಪಿಎಲ್‌ಜಿಎ, ಕೈಟೋಸಾನ್ ಅನ್ನೋ ಎರಡು ಪಾಲಿಮರ್‌ಗಳಲ್ಲೂ ನ್ಯಾನೋಪಾರ್ಟಿಕಲ್, ಅಂದ್ರೆ ಡ್ರಗ್ ಒಳಗಿಟ್ಕೊಳ್ಳೋ ಅತಿ ಸಣ್ಣ ಕಣ, ಮಾಡಿ ನೋಡಿದೀನಿ, ಮೊದಲೇ ಹೇಳ್ಬಿಡ್ತೀನಿ, ನನಗೆ ಪಿಎಲ್‌ಜಿಎನೇ ಇಷ್ಟ. ರೇಟು ಕೇಳಿದ್ರೆ ಮಾತ್ರ ಎದೆ ಝಲ್ ಅನ್ನುತ್ತೆ.

ಕೈಟೋಸಾನ್ ಬರೋದು ಸೀಗಡಿ, ಏಡಿ ಚಿಪ್ಪಿಂದ, ಅಗ್ಗ. ಮಾಡೋದೂ ಸುಲಭ, 1% ಅಸಿಟಿಕ್ ಆಸಿಡ್‌ನಲ್ಲಿ ಕರಗಿಸಿ ಸ್ಟರರ್ ಮೇಲಿಟ್ಟು ಟಿಪಿಪಿ (ಟ್ರೈಪಾಲಿಫಾಸ್ಫೇಟ್, ಕೈಟೋಸಾನ್ ಎಳೆಗಳನ್ನ ಒಂದಕ್ಕೊಂದು ಕಟ್ಟೋ ಉಪ್ಪು) ಹನಿಹನಿಯಾಗಿ ಬಿಡ್ತಾ ಹೋದ್ರೆ ತಿಳಿಯಾಗಿದ್ದದ್ದು ಮಬ್ಬಾಗುತ್ತೆ, ಪಾರ್ಟಿಕಲ್ ಆಯ್ತು ಅಂತ. ಅಲ್ಲೀವರೆಗೂ ಖುಷಿಯೋ ಖುಷಿ.

ತಲೆನೋವು ಶುರುವಾಗೋದು ರಿಲೀಸ್ ಸ್ಟಡಿಲಿ, ಅಂದ್ರೆ ಡ್ರಗ್ ಎಷ್ಟು ಹೊತ್ತಿಗೆ ಎಷ್ಟು ಹೊರಬರುತ್ತೆ ಅಂತ ನೋಡೋವಾಗ. ಪಿಹೆಚ್ 7.4 ಬಫರ್‌ಗೆ ಹಾಕ್ತಿದ್ದ ಹಾಗೇ ಒಡೆದ ಹಾಲಿನ ಥರ ಗಸಿ ಗಸಿ. ಕಾರಣ ಇಷ್ಟೇ, ಕೈಟೋಸಾನ್‌ನ ಅಮೈನ್‌ಗಳ ಪಿಕೆಎ (ಅರ್ಧದಷ್ಟು ಅಮೈನ್‌ಗಳು ಚಾರ್ಜ್ ಕಳ್ಕೊಳ್ಳೋ ಪಿಹೆಚ್) 6.5ರ ಆಸುಪಾಸು, ಪಿಹೆಚ್ ಅದನ್ನ ದಾಟಿದ್ರೆ ಪಾಸಿಟಿವ್ ಚಾರ್ಜ್ ಹೋಗುತ್ತೆ, ಬಫರ್‌ನ ಉಪ್ಪು ಬೇರೆ ಸೇರ್ಕೊಳ್ಳುತ್ತೆ, ಒಂದನ್ನೊಂದು ತಳ್ತಿದ್ದ ಪಾರ್ಟಿಕಲ್‌ಗಳು ಅಂಟ್ಕೊಂಡು ತಳ ಸೇರ್ತವೆ, ಆಮೇಲೆ ಡಿಎಲ್‌ಎಸ್ (ಬೆಳಕು ಚೆದುರೋದನ್ನ ನೋಡಿ ಪಾರ್ಟಿಕಲ್ ಸೈಜ್ ಅಳೆಯೋ ವಿಧಾನ) ಕೊಡೋ ಸೈಜ್‌ಗೆ ಅರ್ಥವೇ ಇಲ್ಲ.

ಅದೂ ಸಾಲದು ಅಂತ ಬಾಟಲ್ ಬದಲಾದ್ರೆ ಮಾಲಿಕ್ಯುಲರ್ ವೇಟು, ಡೀಅಸಿಟೈಲೇಶನ್ (ಅಸಿಟೈಲ್ ಗುಂಪು ಎಷ್ಟು ತೆಗೆದಿದೆ ಅನ್ನೋದು) ಎರಡೂ ಬೇರೆ, ಟಿಪಿಪಿ ಅಳತೆ ಮತ್ತೆ ಮೊದಲಿಂದ ಸೆಟ್ ಮಾಡ್ಬೇಕು. ಕರ್ಕ್ಯುಮಿನ್ ನೀರಲ್ಲಿ ಕರಗೋದೂ ಇಲ್ವಲ್ಲ, ಎಥನಾಲ್‌ನಲ್ಲಿ ಹಾಕಿದ್ರೂ ಅರ್ಧಂಬರ್ಧ ಹಳದಿ ಪುಡಿಯಾಗಿ ಕೆಳಗೇ ಕೂತಿರುತ್ತೆ.

ಪಿಎಲ್‌ಜಿಎ ಹಾಗಲ್ಲ. ಪಾಲಿಮರ್ರೂ ಕರ್ಕ್ಯುಮಿನ್ನೂ ಒಂದೇ ಅಸಿಟೋನ್‌ನಲ್ಲಿ ಕರಗುತ್ತೆ, ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್, ಪಾರ್ಟಿಕಲ್‌ಗಳು ಅಂಟ್ಕೊಳ್ಳದ ಹಾಗೆ ತಡೆಯುತ್ತೆ) ಹಾಕಿದ ನೀರಿಗೆ ಬಿಟ್ಟು ಅಸಿಟೋನ್ ಹಾರಿಸಿದ್ರೆ ಡ್ರಗ್ ತಾನಾಗೇ ಒಳಗೆ ಸೇರ್ಕೊಳ್ಳುತ್ತೆ. ಮೈಯಲ್ಲಿ ಅದು ಒಡೆದು ಲ್ಯಾಕ್ಟಿಕ್, ಗ್ಲೈಕೋಲಿಕ್ ಆಸಿಡ್ ಆಗುತ್ತೆ. ಬೇಗ ಒಡೀಬೇಕಾದ್ರೆ ಲ್ಯಾಕ್ಟಿಕ್, ಗ್ಲೈಕೋಲಿಕ್ ಪಾಲು 50:50, ನಿಧಾನಕ್ಕೆ 75:25. ವೈವಾಲಿ ಇದನ್ನ ನಿಜವಾದ ಔಷಧಿಲಿ ಬಳಸ್ತಾರಾ ಅಂತ ಯಾರಾದ್ರೂ ಕೆಣಕಿದ್ರೆ 1989ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಲ್ಯುಪ್ರಾನ್ ಡಿಪೋ (ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೊಡೋ ಇಂಜೆಕ್ಷನ್) ಹೆಸರು ಹೇಳಿ, ಅದು ಮೈಕ್ರೋ ಸೈಜು, ನ್ಯಾನೋ ಅಲ್ಲ, ಆದ್ರೆ ಪಾಲಿಮರ್ ಇದೇ.

ಇದರದ್ದೂ ನಖರಾ ಇದೆ. ಫ್ರೀಜರ್‌ನಿಂದ ತೆಗೆದ ಬಾಟಲ್ ರೂಮ್ ಟೆಂಪರೇಚರ್‌ಗೆ ಬರೋ ತನಕ ಮುಚ್ಚಳ ಮುಟ್ಟಬಾರದು, ಬೆಂಗಳೂರಿನ ಮಳೆಗಾಲದಲ್ಲಂತೂ ತೇವ ಎಳ್ಕೊಂಡು ಪುಡಿಲೇ ಒಡೆಯೋಕೆ ಶುರುವಾಗುತ್ತೆ. ಫ್ರೀಜ್ ಡ್ರೈ ಮಾಡೋವಾಗ ಟ್ರೆಹಲೋಸ್ (ಪಾರ್ಟಿಕಲ್‌ಗಳು ಅಂಟ್ಕೊಳ್ಳದ ಹಾಗೆ ಕಾಯೋ ಒಂದು ಸಕ್ಕರೆ) ಹಾಕ್ಲೇಬೇಕು, ಮಧ್ಯರಾತ್ರಿ ಕರೆಂಟ್ ಹೋದ್ರೆ ಬ್ಯಾಚ್ ಗೋವಿಂದ.

ಪಿಸಿಎಲ್ (ಪಾಲಿಕ್ಯಾಪ್ರೊಲ್ಯಾಕ್ಟೋನ್, ಇನ್ನೊಂದು ಪಾಲಿಮರ್) ಮುಟ್ಟಿಲ್ಲ, ಅದು ಮೈಯಲ್ಲಿ ಪೂರ್ತಿ ಕರಗೋಕೆ ಎರಡು ವರ್ಷಕ್ಕೂ ಮೇಲೆ, ನನ್ನ ಕೋರ್ಸೇ ಎರಡು ವರ್ಷ.

ಇನ್ಸುಲಿನ್ ಥರದ ಪ್ರೋಟೀನು, ಇಲ್ಲಾ ಮೂಗಿಗೆ ಹಾಕೋ ಡ್ರಗ್ ಆದ್ರೆ ಕೈಟೋಸಾನ್ ತಗೊಳ್ಳಿ, ಲೋಳೆ ಪದರಕ್ಕೆ ಚೆನ್ನಾಗಿ ಅಂಟುತ್ತೆ, ಪಿಎಲ್‌ಜಿಎ ಒಳಗೆ ಹುಟ್ಟೋ ಆಸಿಡ್ ಪ್ರೋಟೀನನ್ನ ಕೆಡಿಸ್ಬಹುದು. ನನ್ನ ಥರ ನೀರಲ್ಲಿ ಕರಗದ ಡ್ರಗ್ ಆದ್ರೆ ಪಿಎಲ್‌ಜಿಎನೇ, ಬ್ಯಾಚ್‌ಗೆ 50 ಮಿಲಿಗ್ರಾಂ ಅಂದ್ರೂ ಒಂದು ಗ್ರಾಂಗೆ 20 ಬ್ಯಾಚ್ ಆಗುತ್ತೆ, ಲ್ಯಾಬ್‌ನಲ್ಲಿ ಇಬ್ರು ಮೂವರು ಸೇರಿ ದುಡ್ಡು ಹಾಕಿದ್ರೆ ಅಷ್ಟೇನೂ ಭಾರ ಆಗಲ್ಲ.