ಹಳೇ ಆಟೋಮ್ಯಾಟಿಕ್ ಕಾರಿನ ಸದ್ದಿಗೆ ಆಯಿಲ್ ಡ್ರೇನಾ, ಫ್ಲಶ್ಶಾ?

ದೇವಿಮನೆ ಘಾಟಿ ಹತ್ತುವಾಗ ನಿಮ್ಮ ಹಳೇ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಕೊಂಯ್ ಅನ್ನುತ್ತದೆ, ಆಯಿಲ್ ಡ್ರೇನ್ ಮಾಡಿಸಲಾ ಫ್ಲಶ್ ಮಾಡಿಸಲಾ ಅಂತ ಕೇಳಿದಿರಿ. ಮೊದಲು ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡಿಸಿ, ಕಡಿಮೆಯಾದರೂ ಹೀಗೇ ಕೂಗುತ್ತದೆ. ಒಂದು ಹನಿ ಬಿಳಿ ಬಟ್ಟೆ ಮೇಲೆ ಬಿಡಿ. ಕಪ್ಪುಗಂದು ಬಣ್ಣ, ಸುಟ್ಟ ವಾಸನೆ ಇದ್ದರೆ ಬದಲಿಸಲೇಬೇಕು.

ಡ್ರೇನ್ ಮಾಡಿ, ಅಂದರೆ ಹಳೇ ಆಯಿಲ್ ಇಳಿಸಿ ಹೊಸದು ತುಂಬಿಸೋದು ಅಗ್ಗ. ಆದರೆ ಟಾರ್ಕ್ ಕನ್ವರ್ಟರ್‌ನಲ್ಲಿ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಹಳೇದು ಉಳಿಯುತ್ತದೆ, ಒಂದು ಸಲಕ್ಕೆ ಹೆಚ್ಚೆಂದರೆ ಅರ್ಧ ಬದಲಾಗುತ್ತದೆ ಅಷ್ಟೇ. ಸ್ವಲ್ಪ ದಿನ ಓಡಿಸಿ ಮತ್ತೆ ಮಾಡಿಸಬೇಕು. ಮಷಿನ್ ಹಚ್ಚಿ ಹಳೇದನ್ನು ಹೊರತಳ್ಳುವ ಫ್ಲಶ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ ಹೊಸದಾಗುತ್ತದೆ, ಆಯಿಲ್ ಖರ್ಚು ಜಾಸ್ತಿ. ಕಾಲಕಾಲಕ್ಕೆ ಆಯಿಲ್ ಬದಲಿಸಿದ ಕಾರಿಗೆ ಇದು ಒಳ್ಳೇದು. ಲಕ್ಷ ಕಿಲೋಮೀಟರ್ ಬದಲಿಸದೇ ಓಡಿದ್ದಕ್ಕೆ ನಾನಾದರೆ ಡ್ರೇನೇ ಮಾಡಿಸುತ್ತೇನೆ.

ಗೇರ್‌ಬಾಕ್ಸ್ ಅಡಿಯ ಆಯಿಲ್ ಪ್ಯಾನ್‌ನಲ್ಲಿ ಲೋಹದ ಚೂರು ಸಿಕ್ಕಿತಾ? ಆಗ ಎರಡೂ ಬೇಡ. ಬೇರಿಂಗ್ ಸವೆದಿದ್ದರೆ ಹೊಸ ಆಯಿಲ್ ಸದ್ದು ನಿಲ್ಲಿಸೋದಿಲ್ಲ. ಗೇರ್‌ಬಾಕ್ಸ್ ಬಿಚ್ಚಿಸಿಯೇ ನೋಡಬೇಕು.